ಮಂಗಳನ ಮನೆಯ ಒಗ್ಗರಣೆ

ಅನ್ಯಗ್ರಹದ ಜೀವಿ ಎಂದೊಡನೆ ಸಿನಿಮಾ ನೋಡುವವರ ಕಣ್ಣಿಗೆ ಹಸಿರು ಮೈ, ಮೂರು ಕಣ್ಣು ಕಟ್ಟುತ್ತವೆ. ಬಿ.ಎಸ್ಸಿ. ಓದಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನಮಗೆ ಹಾಗೆ ಅನ್ನಿಸುವುದಿಲ್ಲ. ಮೊದಲ ಭೇಟಿ ಆಗುವುದಾದರೆ ಅದು ಒಂದು ಅನಿಲದ ಅಳತೆಯಾಗಿ, ಕಾಗದದ ಮೇಲೇ ಆದೀತು.

2013ರ ನವೆಂಬರ್ 5ರಂದು ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತಷ್ಟೆ. ಅದರಲ್ಲಿದ್ದ ಮೀಥೇನ್ ಸಂವೇದಕ ತಯಾರಾದದ್ದು ನಮ್ಮ ನೆರೆಯ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ. ಉಪಕರಣಗಳನ್ನು ಆರಿಸಿದ ಸಲಹಾ ಸಮಿತಿಯ ಅಧ್ಯಕ್ಷರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ಅವರೂ ನಮ್ಮಂತೆ ಗುಜರಾತಿಗೆ ಬಂದವರೇ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಬಳಿ ಸಂಶೋಧನೆ ಮಾಡಿದವರು.

ಮೀಥೇನನ್ನೇ ಏಕೆ ಹುಡುಕಬೇಕು? ಗೋಬರ್ ಗ್ಯಾಸಿನಲ್ಲಿ ಉರಿಯುವುದು ಅದೇ. ಸೆಗಣಿಯಲ್ಲಿ, ಕೆಸರುಗದ್ದೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ಆದರೆ ಜೀವದ ಸೋಂಕಿಲ್ಲದೆ, ಕಲ್ಲೂ ನೀರೂ ಸೇರಿಯೂ ಅದು ಹುಟ್ಟಬಹುದು. ತೊಡಕು ಇರುವುದು ಅಲ್ಲೇ. ಸಂಜೆ ಫತೇಗಂಜಿನ ಗಲ್ಲಿಯಲ್ಲಿ ಬರುವಾಗ ಯಾವುದೋ ಕಿಟಕಿಯಿಂದ ಸಾರಿನ ಒಗ್ಗರಣೆಯ ವಾಸನೆ ತೇಲಿಬಂದರೆ, ನಮ್ಮವರ ಮನೆಯಿರಬಹುದೇ ಎಂದು ಕಾಲು ತಾನೇ ನಿಲ್ಲುತ್ತದೆ. ತಮಿಳರ ಮನೆಯೂ ಇರಬಹುದು. ಒಳಗಿನಿಂದ ಒಂದು ಕನ್ನಡ ಮಾತು ಕೇಳುವವರೆಗೆ ತೀರ್ಪು ಕೊಡುವಂತಿಲ್ಲ.

ಮಂಗಳನಿಂದ ಅಂಥ ಮಾತು ಇನ್ನೂ ಕೇಳಿಲ್ಲ. 1976ರಲ್ಲಿ ಅಲ್ಲಿಳಿದ ವೈಕಿಂಗ್ ನೌಕೆಗಳ ಒಂದು ಪ್ರಯೋಗ ಜೀವ ಉಂಟು ಎಂದಂತಿತ್ತು. ಮಣ್ಣಿನ ಇನ್ನೊಂದು ಪರೀಕ್ಷೆ ಅದಕ್ಕೆ ಒಪ್ಪಲಿಲ್ಲ. ಈಚೆಗೆ ಅಮೆರಿಕದ ಕ್ಯೂರಿಯಾಸಿಟಿ ಬಂಡಿಗೆ ತುಸು ಮೀಥೇನ್ ಸಿಕ್ಕಿತು. ಯುರೋಪಿನ ನೌಕೆಗೆ ಸಿಗಲಿಲ್ಲ. ನಮ್ಮ ಮಂಗಳಯಾನವೂ ಖಚಿತವಾಗಿ ಇದೆಯೆಂದು ಹೇಳದೆ 2022ರಲ್ಲಿ ಮೌನವಾಯಿತು.

"ಹಾಗಾದ್ರೆ 450 ಕೋಟಿ ದಂಡವೇ ಅಲ್ಲವೇನಪ್ಪ?" ಎಂದಳು ಮಗಳು. ಹತ್ತನೆಯ ತರಗತಿ ಮುಗಿಸಿದ್ದಾಳೆ. ಮುಂದೆ ವಿಜ್ಞಾನವೋ ವಾಣಿಜ್ಯವೋ ಎಂಬ ಲೆಕ್ಕ ಅವಳ ತಲೆಯಲ್ಲಿ ನಡೆದಿದೆಯೆಂದು ಗೊತ್ತಿದ್ದುದರಿಂದ ಉತ್ತರವನ್ನು ತೇಲಿಸುವಂತಿರಲಿಲ್ಲ.

"ಆರು ತಿಂಗಳಿಗೆಂದು ಹೋದದ್ದು ಸುಮಾರು ಎಂಟು ವರ್ಷ ದುಡಿಯಿತು, ಚಿತ್ರ ಕಳಿಸಿತು. ಅದಕ್ಕಿಂತ ಹೆಚ್ಚಿನದೆಂದರೆ, ಅಷ್ಟು ಆಸೆಯಿಂದ ಹುಡುಕಿದವರು ಕಾಣದ್ದನ್ನು ಕಂಡೆವೆಂದು ಬರೆಯಲಿಲ್ಲ. ಹಾಗೆ ಬರೆದಿದ್ದರೆ, ನಾಳೆ ನಿಜವಾಗಿ ಕಂಡ ದಿನ ಅವರನ್ನು ನಂಬುವವರು ಯಾರು?" ಎಂದೆವು.

ಮಗಳು ಸುಮ್ಮನಿದ್ದಳು. ಅರ್ಜಿ ತುಂಬಲು ಇನ್ನೂ ಹದಿನೈದು ದಿನವಿದೆ. ಯಾವುದನ್ನು ಆರಿಸಿದ್ದಾಳೆಂದು ಅವಳು ಹೇಳಿಲ್ಲ, ನಾವೂ ಕೇಳಿಲ್ಲ.