ಬಾಟ್ಲಿ ತಂದೀರೇನು?

"ಯಾವ ಎಣ್ಣಿ ಹೊಡ್ಯಾಕತ್ತಿದ್ರು? ಬಾಟ್ಲಿ ತಂದೀರೇನು?"

ಹುಬ್ಬಳ್ಳಿಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಡಾಕ್ಟರ್ ಹೀಗೆ ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕುಂದಗೋಳ ಕಡೆಯ ಹೊಲದಲ್ಲಿ ಮೆಣಸಿನ ಗಿಡಕ್ಕೆ ಎಣ್ಣಿ ಹೊಡೆಯುತ್ತಿದ್ದ ನಮ್ಮ ಕಾಕಾ ತಲೆ ಸುತ್ತಿ ಬಿದ್ದಿದ್ದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಗಾಡಿ ತಂದೆವು, ರೊಕ್ಕ ತಂದೆವು, ಬಾಟ್ಲಿ ಬದುವಿನ ಮೇಲೇ ಉಳಿಯಿತು. ಅದೂ ಎರಡು ಬಾಟ್ಲಿ. ಕೂಡಿಸಿ ಹೊಡೀರಿ ಅಂತ ಗೊಬ್ಬರದಂಗಡಿಯವನು ಹೇಳಿದ್ದನಂತೆ. ಸಾಲದ್ದಕ್ಕೆ ಪಕ್ಕದ ಹೊಲದವರು ಉಪ್ಪುನೀರು ಬೇರೆ ಕುಡಿಸಿದ್ದರು. ಅದನ್ನು ಕೇಳಿ ಡಾಕ್ಟರಿಗೆ ಸಿಟ್ಟೇ ಬಂತು.

ಆದರೂ ಅವರು ಬಾಟ್ಲಿಗೆ ಕಾಯಲಿಲ್ಲ. ಬಟ್ಟೆ ತೆಗೆಸಿ ಮೈ ತೊಳೆಸಿದರು, ಕಣ್ಣಿಗೆ ಟಾರ್ಚ್ ಹಿಡಿದರು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಮಾನೋಕ್ರೋಟೋಫಾಸ್‌ನಂಥ ಔಷಧಿ ಮೈಗೇರಿದರೆ ಹೀಗೇ ಆಗುತ್ತದೆ. ಕೂಡಲೇ ಅಟ್ರೋಪಿನ್ ಇಂಜೆಕ್ಷನ್ ಶುರುವಾಯಿತು. ಅವರಿಗಿದ್ದ ಚಿಂತೆ ಎರಡನೇ ಬಾಟ್ಲಿಯದು. ಊರಿಗೆ ಫೋನ್ ಮಾಡಿ ಲೇಬಲ್ಲಿನ ಫೋಟೊ ವಾಟ್ಸಾಪಿಗೆ ತರಿಸಿದೆವು. ಅದನ್ನು ನೋಡಿ ಡಾಕ್ಟರ್ ದಿಲ್ಲಿಗೆ ಫೋನ್ ಹಚ್ಚಿದರು.

ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಹಗಲು ರಾತ್ರಿ ಫೋನ್ ಎತ್ತುತ್ತಾರೆ. ನಂಬರ್ 1800 116 117, ದುಡ್ಡು ಬೀಳುವುದಿಲ್ಲ. ನಾವೂ ನೀವೂ ಮಾಡಬಹುದು, ಆದರೆ ಆಸ್ಪತ್ರೆಗೆ ಹೊರಡುವುದನ್ನು ಬಿಟ್ಟು ಅಲ್ಲ. ಆ ಕಡೆಯಿಂದ ಕೇಳಿದ್ದು ಇಷ್ಟೇ: ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಾಯಿತು, ವಯಸ್ಸೆಷ್ಟು, ತೂಕವೆಷ್ಟು.

ಕಾಕಾ ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರ್ ಹೇಳಿದರು: "ಗೊತ್ತಿರೋ ವಿಷಕ್ಕ ನಾವು ಫೋನ್ ಮಾಡೂದಿಲ್ರಿ, ಅಷ್ಟು ಪುರುಸೊತ್ತೂ ಇರೂದಿಲ್ಲ. ಹೊಸ ಹೆಸರು, ಬೆರಕಿ, ಇಲ್ಲಾ ಸಣ್ಣ ಹುಡುಗ್ರು ಏನರ ನುಂಗಿದ್ರ ಮಾಡತೀವಿ. ಹೆಸರs ಇಲ್ಲಂದ್ರ ಅವರರ ಏನ್ ಹೇಳಬೇಕು?"

ಹೆಸರಿಗೆ ಇಷ್ಟು ಬೆಲೆ ಯಾಕೆ ಅಂತ ಆಮೇಲೆ ತಿಳಿಯಿತು. ಕಾಕಾನಂಥವರಿಗೆ ಉಸಿರು ಕಟ್ಟಿದರೆ ಆಕ್ಸಿಜನ್ ಬೇಕೇ ಬೇಕು. ಕಳೆ ಸುಡುವ ಪ್ಯಾರಾಕ್ವಾಟ್ ಹೊಟ್ಟೆಗೆ ಹೋಗಿದ್ದರೆ, ಅದೇ ಆಕ್ಸಿಜನ್ ಹೆಚ್ಚಾಗಿ ಶ್ವಾಸಕೋಶವನ್ನು ಇನ್ನಷ್ಟು ಕೆಡಿಸುತ್ತದೆ. ಅದಕ್ಕೆ ಪ್ರತಿವಿಷವೂ ಇಲ್ಲ.

ಕಾಕಾ ಎಂಟು ದಿನಕ್ಕೆ ಮನೆಗೆ ಬಂದರು. ಈಗ ಎಣ್ಣಿ ತಂದ ಕೂಡಲೇ ಲೇಬಲ್ಲಿನ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕುತ್ತಾರೆ. ಅಕ್ಷರ ಸಣ್ಣವು, ದೊಡ್ಡದು ಮಾಡಿದರೆ ಮಸುಕು. ಮತ್ತೆ ತೆಗೆಯಿರಿ ಅಂತ ನಾವು ಕಾಡುತ್ತೇವೆ. ಅಂಗಡಿಯವನು ಮಾತ್ರ ಇನ್ನೂ ಬಿಲ್ ಕೊಡುತ್ತಿಲ್ಲ.