ಇಷ್ಟವೇ ಎಂದು ಕೇಳುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೆನ್ನಿಗೇ ಮಂಗಳೂರಿನಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರಗಳ ಸುಗ್ಗಿ. ಜಮಾಅತ್‌ಗಳು, ವಿದ್ಯಾರ್ಥಿ ಸಂಘಟನೆಗಳು, ಟ್ಯೂಶನ್ ಕೇಂದ್ರಗಳು ಎಲ್ಲವೂ ಇದರಲ್ಲಿ ಮುಂದೆ. ಹಿಂದೆ ಭಾಷಣ, ಚಹಾ, ದುಆದೊಂದಿಗೆ ಮುಗಿಯುತ್ತಿದ್ದ ಈ ಶಿಬಿರಗಳಲ್ಲಿ ಈಗ ಅಭಿರುಚಿ ಪರೀಕ್ಷೆಯೂ ಸೇರಿಕೊಂಡಿದೆ. ಒಳ್ಳೆಯದೇ. ಡಾಕ್ಟರ್, ಇಂಜಿನಿಯರ್, ಅದಾಗದಿದ್ದರೆ ಗಲ್ಫ್ ಎಂದು ಮೂರೇ ದಾರಿ ಕಂಡಿರುವ ನಮಗೆ ಅದು ನಾಲ್ಕನೆಯದೊಂದನ್ನು ತೋರಿಸುವುದಾದರೆ ಬೇಡವೆನ್ನುವವರು ಯಾರು? ಆದರೆ ಪರೀಕ್ಷೆಯ ಕೊನೆಗೆ ಕೈಗೆ ಬರುವ ಹಾಳೆಯನ್ನು ಹೇಗೆ ಓದಬೇಕು ಎಂದು ನಾವು ಯೋಚಿಸಿದ್ದು ಕಡಿಮೆ.

ಈ ವಿದ್ಯೆ ಹುಟ್ಟಿದ್ದು ಅಮೆರಿಕದಲ್ಲಿ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಬಾಸ್ಟನ್ ನಗರದಲ್ಲಿ ಕೆಲಸ ಹುಡುಕುವ ಯುವಜನರಿಗಾಗಿ ಒಂದು ಸಲಹಾ ಕೇಂದ್ರ ತೆರೆದರು. ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ವಿವೇಕದಿಂದ ಹೊಂದಿಸು ಎಂಬುದು ಅವರ ಕ್ರಮ. 1959ರಲ್ಲಿ ಜಾನ್ ಹಾಲೆಂಡ್ ಮನುಷ್ಯರ ಒಲವನ್ನು ಆರು ಬಗೆಯಾಗಿ ವಿಂಗಡಿಸಿದರು: ಕೈಕೆಲಸ, ಶೋಧನೆ, ಕಲೆ, ಜನರಿಗೆ ನೆರವು, ವ್ಯಾಪಾರ ಮತ್ತು ನಾಯಕತ್ವ, ಕ್ರಮಬದ್ಧ ಕಚೇರಿ ಕೆಲಸ. ಇಂದು ನಮ್ಮ ಮಕ್ಕಳ ಮುಂದೆ ಬರುವ ಬಹಳಷ್ಟು ಪ್ರಶ್ನೆಪತ್ರಿಕೆಗಳು ಈ ಆರರ ಮೇಲೆಯೇ ನಿಂತಿವೆ.

ಅಂಥದೊಂದು ಶಿಬಿರದಲ್ಲಿ ನಮ್ಮ ನೆರೆಮನೆಯ ಹುಡುಗಿಯ ಪಕ್ಕದಲ್ಲಿ ನಾವು ಕುಳಿತಿದ್ದೆವು. ಅವಳ ಉಮ್ಮ ಬೀಡಿ ಕಟ್ಟುತ್ತಾರೆ. ಎಲೆ, ಹೊಗೆಸೊಪ್ಪಿನ ಲೆಕ್ಕ, ಬೀಡಿ ಬ್ರಾಂಚಿಗೆ ಹೋಗಿ ತಿರಸ್ಕೃತವಾದ ಬೀಡಿಗಳ ಬಗ್ಗೆ ವಾದ ಮಾಡುವುದು ಈ ಹುಡುಗಿಯ ಪಾಲು. ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಇಷ್ಟವೇ ಎಂಬ ಪ್ರಶ್ನೆ ಬಂದಾಗ ಪೆನ್ನು ನಿಲ್ಲಿಸಿ ಕೇಳಿದಳು: "ಖಾಲಾ, ನಮ್ಮ ಶಾಲೆಯ ಲ್ಯಾಬಿಗೆ ಯಾವಾಗಲೂ ಬೀಗ. ನಾನು ನೋಡಲೇ ಇಲ್ಲ. ಏನು ಬರೆಯುವುದು?" ಕೊನೆಗೆ 'ಇಲ್ಲ' ಎಂದು ಗುರುತು ಹಾಕಿದಳು.

ಯಂತ್ರಕ್ಕೆ ಎಲ್ಲ 'ಇಲ್ಲ'ಗಳೂ ಒಂದೇ. ಮಾಡಿ ನೋಡಿ ಬೇಡವೆಂದದ್ದಕ್ಕೂ ಬಾಗಿಲು ತೆರೆಯದೆ ಬೇಡವೆಂದದ್ದಕ್ಕೂ ಅಲ್ಲಿ ವ್ಯತ್ಯಾಸವಿಲ್ಲ. ಬೀಡಿಯ ಲೆಕ್ಕದ ಬಗ್ಗೆಯಂತೂ ಪ್ರಶ್ನೆಯೇ ಇರಲಿಲ್ಲ. ಫಲಿತಾಂಶದಲ್ಲಿ ಕಚೇರಿ ಕೆಲಸವೇ ಮೇಲೆ ಬಂತು. "ಕಂಪ್ಯೂಟರೇ ಹೇಳಿದೆ, ಇನ್ನೇನು ನೋಡುವುದು?" ಎಂದು ಮನೆಯ ಹಿರಿಯರು ಮಾತು ಮುಗಿಸಿದರು. ಹಿಂದೆ ತಕ್ದೀರ್ ಎಂದು ಸುಮ್ಮನಾಗುತ್ತಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಬಂದು ಕುಳಿತಿದೆ, ಅಷ್ಟೆ.

ಭಾಷೆಯ ತೊಡಕು ಬೇರೆ. ಇಂಗ್ಲಿಷಿನ 'ಇಂಟರೆಸ್ಟ್' ಎಂಬುದನ್ನು ಉರ್ದುವಿನಲ್ಲಿ 'ಶೌಕ್' ಎಂದು ಕೇಳಿದರೆ ನಮ್ಮ ಮನೆಯ ಹೆಣ್ಣುಮಕ್ಕಳು ಕಸೂತಿ, ಮೆಹಂದಿ ಎನ್ನುತ್ತಾರೆ. ಶೌಕ್ ಎಂದರೆ ಬಿಡುವಿನ ಸಂತೋಷ. ಅದರಿಂದ ರೋಝಿ ಹುಟ್ಟಬಹುದೆಂಬ ಭಾವ ಆ ಮಾತಿನಲ್ಲಿಲ್ಲ. ಪದಕ್ಕೆ ಪದವಿಟ್ಟು ಅನುವಾದಿಸಿದರೆ ಪ್ರಶ್ನೆಯೇ ಬೇರೆಯಾಗುತ್ತದೆ.

ಇನ್ನೊಂದು ಮಾತು. ಹಾಲೆಂಡರ ಆರು ಬಗೆಗಳಲ್ಲಿ ಮೇಲು ಕೀಳಿಲ್ಲ. ಏಣಿ ಹಾಕಿದವರು ನಾವು. ಮಗನ ಹಾಳೆಯಲ್ಲಿ ಕೈಕೆಲಸ ಮೊದಲು ಬಂದರೆ ಬಾಪನ ಮುಖ ಬಾಡುತ್ತದೆ. ದಾವೂದ್ (ಅ) ಕಬ್ಬಿಣದ ಕವಚ ಮಾಡುತ್ತಿದ್ದರು, ಝಕರಿಯಾ (ಅ) ಬಡಗಿಯಾಗಿದ್ದರು ಎಂದು ಮದ್ರಸದಲ್ಲಿ ಕಲಿಸುವವರೂ ನಾವೇ. ಕಾಯಕವನ್ನು ಕೊಂಡಾಡುವ ನಾಡಿನವರೂ ನಾವೇ.

ಪರೀಕ್ಷೆಗಳು ಹುಟ್ಟಿದ ನಾಡಿನಲ್ಲೂ ಅವು ತಿದ್ದಿಸಿಕೊಳ್ಳುತ್ತಲೇ ಬಂದಿವೆ. 1927ರಲ್ಲಿ ಎಡ್ವರ್ಡ್ ಸ್ಟ್ರಾಂಗ್ ರೂಪಿಸಿದ ಅಭಿರುಚಿ ಪರೀಕ್ಷೆ ಗಂಡಸರದಾಗಿತ್ತು. 1933ರಲ್ಲಿ ಹೆಂಗಸರಿಗೆ ಪ್ರತ್ಯೇಕ ಪತ್ರಿಕೆ ಬಂತು. ಎರಡೂ ಒಂದಾಗಲು 1974 ಬರಬೇಕಾಯಿತು. ನಮ್ಮಲ್ಲಿ ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಗಿಡಿಯನ್ ಅರುಲ್ಮಣಿ ಅವರು ಸೊನಾಲಿ ನಾಗ್ ಅರುಲ್ಮಣಿ ಅವರೊಡನೆ ಬರೆದ ವೃತ್ತಿ ಸಲಹೆಯ ಕೈಪಿಡಿ 2004ರಲ್ಲಿ ಪ್ರಕಟವಾಯಿತು. ಓದಿಗಿಂತ ಬೇಗ ಸಂಪಾದನೆಯೇ ಮೇಲು ಎಂಬಂಥ, ಮನೆ ಮತ್ತು ಸಮುದಾಯದಿಂದ ಬರುವ ನಂಬಿಕೆಗಳನ್ನೂ ಸಲಹೆಗಾರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅರುಲ್ಮಣಿಯವರ ಕೆಲಸದ ತಿರುಳು.

ಹಾಗೆಂದು 'ಇದು ನಮ್ಮ ಸಂಸ್ಕೃತಿಗೆ ಒಗ್ಗದು' ಎಂದು ಹಾಳೆಯನ್ನು ಹರಿದೊಗೆಯುವುದೂ ಸರಿಯಲ್ಲ. ಆ ಮಾತನ್ನು ಹೆಚ್ಚಾಗಿ ಆಡುವುದು ಹೆಣ್ಣುಮಕ್ಕಳ ದಾರಿಗೆ ಅಡ್ಡ ನಿಲ್ಲುವವರೇ. ನಮ್ಮಲ್ಲಿ ಮಕ್ಕಳ ತೀರ್ಮಾನ ಒಂಟಿ ತೀರ್ಮಾನವಲ್ಲ, ನಿಜ. ಆದರೆ ಮಶ್ವರಾ ಎಂದರೆ ಸಮಾಲೋಚನೆ. ಹಿರಿಯರು ಹೇಳಿ ಕಿರಿಯರು ಕೇಳುವುದಕ್ಕೆ ಆ ಹೆಸರಿಲ್ಲ.

ನೆರೆಮನೆಯ ಹುಡುಗಿಯನ್ನು ಪರಿಚಯದ ಲ್ಯಾಬ್ ಟೆಕ್ನಿಶಿಯನ್ ಒಬ್ಬರು ಒಂದು ದಿನ ತಮ್ಮೊಂದಿಗೆ ಕರೆದೊಯ್ದರು. ಮರಳಿ ಬಂದವಳು, "ರಕ್ತದ ವಾಸನೆ ಆಗುವುದಿಲ್ಲ ಖಾಲಾ, ನನಗೆ ಲೆಕ್ಕವೇ ಸಾಕು" ಎಂದಳು. ಕಾಮರ್ಸ್ ಸೇರಿದಳು. ಹಾಳೆ ಹೇಳಿದ್ದೂ ಅದನ್ನೇ. ಆದರೆ ಈ 'ಇಲ್ಲ' ಅವಳದೇ ಆಗಿತ್ತು.

ಆದ್ದರಿಂದ ಶಿಬಿರ ನಡೆಸುವವರಲ್ಲಿ ನಮ್ಮದೊಂದು ವಿನಂತಿ. ಪ್ರಶ್ನೆಪತ್ರಿಕೆ ಹಂಚುವ ಮೊದಲು ಮಕ್ಕಳಿಗೆ ಊರನ್ನು ತೋರಿಸಿ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಇದೇ ಮಂಗಳೂರಿನಲ್ಲಿ. ಧಕ್ಕೆಯಲ್ಲಿ ತಲೆಮಾರುಗಳಿಂದ ಮೀನು ಮಾರುವ ಮನೆಗಳ ಎಷ್ಟು ಮಕ್ಕಳು ಅದರ ಗೇಟು ದಾಟಿದ್ದಾರೆ? ಪಣಂಬೂರಿನ ಬಂದರು, ವರ್ಕ್‌ಶಾಪು, ಕೋರ್ಟು, ಮುದ್ರಣಾಲಯ ಎಲ್ಲವನ್ನೂ ಅವರು ಒಮ್ಮೆ ನೋಡಲಿ. ಆಮೇಲೆ ಇಷ್ಟವೇ ಎಂದು ಕೇಳೋಣ. ಉತ್ತರ ಬಂದ ದಿನ ಉಮ್ಮನನ್ನೂ ಬಾಪನನ್ನೂ ಕರೆದು, ಮಗುವಿನ ಮಾತನ್ನು ಮೊದಲು ಕೇಳೋಣ.