ಕಾಲಿಗೊಂದು ಕಾಲ

ಕಣಕಾಲು ಪಾದಕ್ಕೆ ಸೇರುವಲ್ಲಿ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಗುಬುಟು ಎದ್ದು ಕಾಣುತ್ತದೆ. ಹಳಗನ್ನಡದವರು ಇದನ್ನು ಪರಡು ಎಂದರು, ಆಮೇಲಿನವರು ಹರಡು ಎಂದರು, ಹಳ್ಳಿಯ ಬಾಯಲ್ಲಿ ಅದು ಕಾಲಿನ ಗಿಣ್ಣು. ಬೆಂಗಳೂರಿನ ಯಲಹಂಕದ ಶಟಲ್ ಕೋರ್ಟಿನಲ್ಲಿ ಮಾತ್ರ ಅದಕ್ಕೆ ಇರುವುದು ಒಂದೇ ಹೆಸರು, ಆ್ಯಂಕಲ್. ಈ ಎರಡು ಗುಬುಟುಗಳೂ ಒಂದೇ ಮೂಳೆಯವಲ್ಲ. ಒಳಗಿನದು ಟಿಬಿಯಾ ಎಂಬ ದಪ್ಪ ಮೂಳೆಯ ತುದಿ, ಹೊರಗಿನದು ಫಿಬುಲಾ ಎಂಬ ಸಣಕಲು ಮೂಳೆಯ ತುದಿ. ಎರಡರ ನಡುವಿನ ಸಂದಿಯಲ್ಲಿ, ಬಡಗಿ ಕಚ್ಚು ಹೊಡೆದು ಕೂಡಿಸಿದ ಮರದ ಹಾಗೆ, ಟೇಲಸ್ ಎಂಬ ಮೂಳೆ ಕೂತಿದೆ. ಟೇಲಸ್‌ಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಸುತ್ತಲಿನ ಮೂಳೆ ಮತ್ತು ಅಸ್ಥಿರಜ್ಜುಗಳು ಹಿಡಿದಿಟ್ಟಷ್ಟು ದಿನ ಅದು ಸರಿಯಾಗಿರುತ್ತದೆ. ಅದು ಒಂದು ಮಿಲಿಮೀಟರ್ ಹೊರಕ್ಕೆ ಸರಿದರೂ ಕೀಲಿನ ಮೂಳೆಗಳು ಪರಸ್ಪರ ತಾಗುವ ಜಾಗ ಶೇ 42ರಷ್ಟು ಕಡಿಮೆಯಾಗುತ್ತದೆಂದು 1976ರ ಒಂದು ಅಧ್ಯಯನ ಅಳೆದು ತೋರಿಸಿತು. ನಡೆಯುವಾಗ ದೇಹತೂಕದ ಹಲವು ಪಟ್ಟು ಭಾರ ಹೊರುವ ಕೀಲಿಗೆ ಇದು ಸಣ್ಣ ನಷ್ಟವಲ್ಲ. ಮುರಿದ ಗಿಣ್ಣನ್ನು ನೋಡುವ ವೈದ್ಯರು ಮೂಳೆಯ ಬಿರುಕಿಗಿಂತ ಟೇಲಸ್ ಎಲ್ಲಿ ಕೂತಿದೆ ಎಂಬುದನ್ನೇ ಹೆಚ್ಚು ಹೊತ್ತು ದಿಟ್ಟಿಸುವುದು ಇದೇ ಕಾರಣಕ್ಕೆ.

ಮುರಿಯುವ ಬಗೆಗಳು ಹೆಚ್ಚಿಲ್ಲ. ನೆಟ್ ಬಳಿ ಹಾರಿ ಹೊಡೆದವನು ಜೊತೆಗಾರನ ಶೂ ಮೇಲೆ ಇಳಿಯುತ್ತಾನೆ. ಟರ್ಫಿನಲ್ಲಿ ಫುಟ್ಬಾಲ್ ಆಡುವವನ ಪಾದ ಹುಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಕ್ರಿಕೆಟ್ಟಿನಲ್ಲಿ ನೆಲದ ಮೇಲೆ ಸುಮ್ಮನೆ ಬಿದ್ದ ಚೆಂಡೂ ಸಾಕು. 2005ರ ಆ್ಯಶಸ್ ಸರಣಿಯಲ್ಲಿ ಎಜ್‌ಬಾಸ್ಟನ್ ಟೆಸ್ಟಿನ ಬೆಳಿಗ್ಗೆ ಗ್ಲೆನ್ ಮೆಕ್‌ಗ್ರಾ ಅಂಥ ಚೆಂಡೊಂದನ್ನು ತುಳಿದು ಗಿಣ್ಣಿನ ಅಸ್ಥಿರಜ್ಜು ಹರಿದುಕೊಂಡರು. ಅವರಿಲ್ಲದ ಆ ಪಂದ್ಯವನ್ನು ಆಸ್ಟ್ರೇಲಿಯಾ 2 ರನ್ನಿನಿಂದ ಸೋತಿತು. ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಆಟವೇ ಬೇಕಾಗಿಲ್ಲ. ಚರಂಡಿಯ ಮೇಲಿನ ಅಲುಗಾಡುವ ಚಪ್ಪಡಿ ಆ ಕೆಲಸವನ್ನು ಮುಗಿಸುತ್ತದೆ.

ಬಿದ್ದ ತಕ್ಷಣ ಸುತ್ತ ಸೇರಿದವರೆಲ್ಲ ಹೇಳುವುದು ಒಂದೇ ಮಾತು: ‘ಏನಾಗಿಲ್ಲ, ಉಳುಕಿದೆ ಅಷ್ಟೆ.’ ಉಳುಕೋ ಮುರಿತವೋ ಎಂದು ಊತ ನೋಡಿ ಹೇಳಲು ಬರುವುದಿಲ್ಲ. ಬರೀ ಉಳುಕೂ ಮುಸುಂಬಿಯಷ್ಟು ಊದುತ್ತದೆ. ಇದಕ್ಕೆ ಕೆನಡಾದ ಒಟ್ಟಾವ ನಗರದ ವೈದ್ಯರು 1992ರಲ್ಲಿ ಸರಳವಾದ ಸೂತ್ರವೊಂದನ್ನು ಕೊಟ್ಟರು. ಗಿಣ್ಣಿನ ಸುತ್ತ ನೋವಿರುವವರ ಹೊರಗುಬುಟು ಅಥವಾ ಒಳಗುಬುಟಿನ ಹಿಂದಿನ ಅಂಚನ್ನು ತುದಿಯಿಂದ ಆರು ಸೆಂಟಿಮೀಟರಿನವರೆಗೆ ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ, ಇಲ್ಲವೆ ಬಿದ್ದ ಕೂಡಲೇ ಮತ್ತು ಆಸ್ಪತ್ರೆಗೆ ಬಂದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌ರೇ ಬೇಕೇ ಬೇಕು. ಕುಂಟುತ್ತ ಇಟ್ಟರೂ ಹೆಜ್ಜೆ ಹೆಜ್ಜೆಯೇ. ಈ ಸೂತ್ರ ಗೊತ್ತಿಲ್ಲದೆ ಆಗುವ ಎಡವಟ್ಟು ಮುಲಾಮು ಹಚ್ಚಿ ನೀವುವುದು. ಮುರಿದ ಮೂಳೆಯನ್ನು ನೀವಿದರೆ ಉಳುಕು ತೆಗೆದಂತಾಗುವುದಿಲ್ಲ, ಊತ ಹೆಚ್ಚುತ್ತದೆ, ಸರಿಯಿದ್ದ ತುಂಡೂ ಸರಿಯಬಹುದು.

ಬೆಂಗಳೂರಿನಲ್ಲಿ ಮುರಿದ ಕಾಲಿಗೆ ಇನ್ನೊಂದು ದಾರಿಯೂ ಇದೆ, ಅದು ಪುತ್ತೂರು ಕಟ್ಟು. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯ ಆಚೆಗಿನ ಆಂಧ್ರದ ಪುತ್ತೂರು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆಯ ಸುತ್ತು ಇವಿಷ್ಟೇ ಅದರ ಸಾಮಗ್ರಿ. ಆ ಹೆಸರಿನ ಬೋರ್ಡು ನಗರದ ಯಾವ ದಿಕ್ಕಿನಲ್ಲೂ ಕಣ್ಣಿಗೆ ಬೀಳುತ್ತದೆ. ಸರಿಯದೆ ನಿಂತ ಮುರಿತಕ್ಕೆ ಬೇಕಾದದ್ದು ಅಲುಗದಂತೆ ಹಿಡಿದಿಡುವುದು, ದಬ್ಬೆಯೂ ಅದನ್ನೇ ಮಾಡುತ್ತದೆ. ಹಾಗಾಗಿ ಕಟ್ಟಿಸಿಕೊಂಡು ಚೆನ್ನಾಗಿ ಓಡಾಡುವವರ ಕಥೆ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಟೇಲಸ್ ಸರಿದ ಮುರಿತವನ್ನು ಹೊರಗಿನಿಂದ ಕೈಯಾಡಿಸಿ ಕಂಡುಕೊಳ್ಳುವುದು ಕಷ್ಟ. ಅಲ್ಲಿ ಬಿಗಿಯಾಗಿ ಕಟ್ಟಿದ ಪಟ್ಟಿ ರಕ್ತ ಓಡದಂತೆಯೂ ಮಾಡಬಹುದು. ನಂಬಿಕೆ ಯಾವ ಕಡೆಗಿದ್ದರೂ ಎಕ್ಸ್‌ರೇ ಮೊದಲಾಗಲಿ.

ಆಸ್ಪತ್ರೆಯ ದಾರಿಯೂ ಎರಡಾಗಿ ಕವಲೊಡೆಯುತ್ತದೆ. ಹೊರಗುಬುಟಿನ ತುದಿಯಷ್ಟೇ ಮುರಿದು ಕೀಲು ಗಟ್ಟಿಯಾಗಿದ್ದರೆ ಪಿಓಪಿ ಪಟ್ಟಿ ಅಥವಾ ಪ್ಲಾಸ್ಟಿಕ್ಕಿನ ವಾಕಿಂಗ್ ಬೂಟು ಸಾಕಾಗುತ್ತದೆ. ಸುಣ್ಣದಂತೆ ಬೆಳ್ಳಗಿರುವ ಈ ಪಟ್ಟಿ ನೆದರ್ಲೆಂಡ್ಸ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್ ಅವರದು. ಜಿಪ್ಸಮ್ ಪುಡಿಯನ್ನು ಬಟ್ಟೆಗೆ ಉಜ್ಜಿ, ನೀರಲ್ಲಿ ಅದ್ದಿ ಸುತ್ತುವ ವಿಧಾನವನ್ನು ಅವರು 1852ರಲ್ಲಿ ಪ್ರಕಟಿಸಿದರು. ಎರಡೂ ಗುಬುಟು ಮುರಿದಿದ್ದರೆ, ಟೇಲಸ್ ಸರಿದಿದ್ದರೆ, ಆಪರೇಷನ್ ಮಾಡಿ ಪ್ಲೇಟು ಸ್ಕ್ರೂ ಹಾಕುತ್ತಾರೆ. ಮನೆಗೆ ಬಂದ ನೆಂಟರು ಅದನ್ನು ‘ರಾಡ್ ಹಾಕಿದಾರಂತೆ’ ಎಂದೇ ಹೇಳುತ್ತಾರೆ, ತಿದ್ದಿ ಪ್ರಯೋಜನವಿಲ್ಲ.

ಅಲ್ಲಿಂದ ಮುಂದೆ ಮೂಳೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಕ್ಕೆ ಅಲ್ಲೊಂದು ಮೆತ್ತನೆಯ ಬೆಸುಗೆ ಮೂಡುತ್ತದೆ, ಸುಮಾರು ಆರು ವಾರಕ್ಕೆ ಅದಕ್ಕೆ ಸುಣ್ಣದಂಶ ಸೇರಿ ಭಾರ ಹೊರುವಷ್ಟಾಗುತ್ತದೆ. ಆ ಬೆಸುಗೆಯನ್ನು ಕೆತ್ತಿ ತಿದ್ದಿ ಹಳೆಯ ಆಕಾರಕ್ಕೆ ತರುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಬೀಡಿ ಸಿಗರೇಟು ಇದನ್ನು ನಿಧಾನ ಮಾಡುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೂ ಹಾಗೆಯೇ.

ಈ ಆರು ವಾರಗಳಲ್ಲಿ ಕಾಲಿಗಿಂತ ಹೆಚ್ಚು ಆರೈಕೆ ಸಿಗುವುದು ಬಾಯಿಗೆ. ಕಾಲು ಮುರಿದವರಿಗೆ ಕಾಲು ಸೂಪು ಎಂಬುದು ಶಿವಾಜಿನಗರದಿಂದ ಯಲಹಂಕದವರೆಗೂ ಚಾಲ್ತಿಯಲ್ಲಿರುವ ನ್ಯಾಯ. ಕುರಿಕಾಲನ್ನು ರಾತ್ರಿಯಿಡೀ ಕುದಿಸಿದರೂ ಅದರ ಮೂಳೆಯಿಂದ ನೀರಿಗೆ ಇಳಿಯುವ ಕ್ಯಾಲ್ಸಿಯಂ ತೀರಾ ಕಡಿಮೆ. ಮೆಣಸು ಹಾಕಿದ ಬಿಸಿ ಸೂಪಿನಿಂದ ಹಾಸಿಗೆಯಲ್ಲಿದ್ದವರ ಮನಸ್ಸು ನೆಟ್ಟಗಾಗುವುದು ಬೇರೆ ವಿಷಯ. ಲೆಕ್ಕಕ್ಕೆ ಸಿಗುವುದು ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಬೀಸಿದರೆ ಇನ್ನಷ್ಟು ದಕ್ಕುತ್ತದೆ. ಹೆಬ್ಬಾಳ ದಾಟಿದರೆ ಸಿಗುವ ಜಿಕೆವಿಕೆ ಕ್ಯಾಂಪಸ್ಸಿನ ಕೃಷಿ ವಿಜ್ಞಾನಿಗಳು ಕೊಟ್ಟ ಜಿಪಿಯು-28 ತಳಿ ಈ ಸೀಮೆಯ ಹೊಲಗಳಲ್ಲಿ ಹೆಸರು ಮಾಡಿದ ರಾಗಿ. ಮುದ್ದೆಯ ಜೊತೆಗೆ ಬೇಳೆ, ಮೊಟ್ಟೆ, ಬೆಳಗಿನ ಬಿಸಿಲು ಇದ್ದರೆ ಮೂಳೆಗೆ ಬೇಕಾದದ್ದು ಬಹುಪಾಲು ಸಿಕ್ಕಂತೆ.

ಪಟ್ಟಿ ಬಿಚ್ಚುವ ದಿನವನ್ನು ಎಲ್ಲರೂ ಹಬ್ಬದಂತೆ ಕಾಯುತ್ತಾರೆ. ಸಣ್ಣ ಗರಗಸ ಗುರ್ರೆಂದು ಪಟ್ಟಿ ಸೀಳುತ್ತದೆ, ಒಳಗಿನ ಹತ್ತಿ ಮುಗ್ಗಲು ವಾಸನೆ ಬೀರುತ್ತದೆ. ಹೊರಬರುವ ಕಾಲು ತನ್ನದೆಂದು ನಂಬುವುದೇ ಕಷ್ಟ. ಚರ್ಮ ಆಲೂಗಡ್ಡೆಯ ಸಿಪ್ಪೆಯಂತೆ ಏಳುತ್ತಿರುತ್ತದೆ, ಬೆರಳು ತೆಳ್ಳಗೆ ಬಣ್ಣಗೆಟ್ಟಿರುತ್ತವೆ, ಮೀನಖಂಡ ಇದ್ದ ಜಾಗದಲ್ಲಿ ಜೋಲುವ ಚರ್ಮ ಇರುತ್ತದೆ. ಇನ್ನೊಂದು ಕಾಲಿನ ಪಕ್ಕ ಇಟ್ಟರೆ ಅಣ್ಣ ತಮ್ಮಂದಿರ ಕಾಲುಗಳಂತೆ ಕಾಣುತ್ತವೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ವೈದ್ಯರು ‘ಇನ್ನು ನಡೀಬಹುದು’ ಎಂದಿದ್ದಾರೆ. ಬಹಳಷ್ಟು ಜನ ಇಲ್ಲಿಗೆ ಚಿಕಿತ್ಸೆ ಮುಗಿಯಿತೆಂದುಕೊಳ್ಳುತ್ತಾರೆ. ಆಟಕ್ಕೆ ಮರಳುವ ದಾರಿ ಶುರುವಾಗುವುದೇ ಇಲ್ಲಿಂದ. ಮೂಳೆ ಕೂಡಿದ್ದು ಸುಮ್ಮನೆ ಮಲಗಿದ್ದಕ್ಕೆ, ಮುಂದಿನದು ಯಾವುದೂ ಸುಮ್ಮನೆ ಮಲಗಿದರೆ ಆಗುವುದಿಲ್ಲ.

ಹೋದದ್ದು ಮೂರು: ಕೀಲಿನ ಬಾಗು, ಮೀನಖಂಡದ ಬಲ, ಕಾಲು ಎಲ್ಲಿದೆ ಎಂದು ಕಣ್ಣಿಲ್ಲದೆ ತಿಳಿಯುವ ಅರಿವು. ಬಾಗು ಹೋಗಿದೆಯೆಂದು ನಮ್ಮ ಮನೆಗಳಲ್ಲಿ ಬೇಗ ಗೊತ್ತಾಗುತ್ತದೆ, ಯಾಕೆಂದರೆ ಕುಕ್ಕರುಗಾಲಲ್ಲಿ ಕೂರಲು ಗಿಣ್ಣು ಪೂರ್ತಿ ಮಡಿಯಬೇಕು. ಭಾರತೀಯ ಶೈಲಿಯ ಶೌಚಾಲಯ ಯಾವ ಫಿಸಿಯೋಗಿಂತಲೂ ನಿಷ್ಠುರ ಪರೀಕ್ಷಕ. ಫಿಸಿಯೋಗಳ ಅಳತೆ ಇನ್ನೂ ಸುಲಭ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಹೆಬ್ಬೆರಳಿಗೂ ಗೋಡೆಗೂ ಸುಮಾರು ಹತ್ತು ಸೆಂಟಿಮೀಟರ್ ಅಂತರವಿದ್ದರೂ ಮುಟ್ಟುವಂತಾದರೆ ಬಾಗು ಮರಳಿದೆ ಎಂದರ್ಥ. ಸರಿಯಿರುವ ಕಾಲಿನ ಜೊತೆ ಹೋಲಿಸಿಕೊಂಡರೆ ಇನ್ನೂ ನಿಖರ.

ಬಲಕ್ಕೆ ಬೇಕಾದದ್ದು ಒಂದು ಮೆಟ್ಟಿಲು. ಪಾದದ ಮುಂಭಾಗವನ್ನು ಮೆಟ್ಟಿಲಿನ ಅಂಚಿಗಿಟ್ಟು ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ. ಆರೋಗ್ಯವಂತ ವಯಸ್ಕರು ಒಂಟಿಕಾಲಲ್ಲಿ ಇದನ್ನು ಸುಮಾರು 25 ಸಲ ಮಾಡಬಲ್ಲರು. ಪಟ್ಟಿ ಬಿಚ್ಚಿದ ವಾರ ಒಂದು ಸಲವೂ ಏಳುವುದಿಲ್ಲ. ಅರಿವನ್ನು ಮರಳಿ ಪಡೆಯಲು ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಬಹುದು. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಬೇಸಿನ್ನು ಕೈಗೆ ಸಿಗುವಷ್ಟು ಹತ್ತಿರವಿರಲಿ. ಇಷ್ಟಕ್ಕೆ ಯಾವ ಯಂತ್ರವೂ ಬೇಡ. ಬೇಕಾದದ್ದು ಬೇಸರಪಡದ ಸ್ವಭಾವ. ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ನಡಿಗೆ ನೆಟ್ಟಗಾಗುವವರೆಗೆ ಓಟವಿಲ್ಲ. ಕುಂಟುತ್ತ ಓಡಿದವರು ಸೊಂಟವನ್ನೂ ಕೆಡಿಸಿಕೊಳ್ಳುತ್ತಾರೆ. ನಡುವಿನ ಈ ದಿನಗಳಿಗೆ ಈಜುಕೊಳ ಅನುಕೂಲ. ಸೊಂಟದವರೆಗಿನ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ಮೈತೂಕದ ಅರ್ಧದಷ್ಟು, ಎದೆಯವರೆಗೆ ಮುಳುಗಿದರೆ ಮೂರನೇ ಒಂದು ಪಾಲು. ನಿಂತ ಸೈಕಲ್ಲೂ ಒಳ್ಳೆಯದು. ಭಾನುವಾರ ಹೆಬ್ಬಾಳದಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರ ಗುಂಪು ಸೇರಲು ಮಾತ್ರ ಅವಸರ ಬೇಡ. ಕ್ಲಿಪ್ ಪೆಡಲಿನಿಂದ ಪಾದ ಬಿಡಿಸುವಾಗ ಗಿಣ್ಣನ್ನೇ ತಿರುಚಬೇಕಾಗುತ್ತದೆ. ಜಕ್ಕೂರು ಕೆರೆಯ ಸುತ್ತಲಿನ ಮಣ್ಣಿನ ದಾರಿ ಹೊಸ ನಡಿಗೆಗೆ ಹಿತ. ವಾಹನ ಓಡಿಸುವುದಕ್ಕೂ ಲೆಕ್ಕವಿದೆ. ಬಲಗಾಲಿನ ಗಿಣ್ಣಿಗೆ ಆಪರೇಷನ್ ಆದವರಿಗೆ ಬ್ರೇಕ್ ಒತ್ತುವ ಚುರುಕು ಸಹಜಕ್ಕೆ ಬರಲು ಸುಮಾರು ಒಂಬತ್ತು ವಾರ ಬೇಕೆಂದು 2003ರ ಅಧ್ಯಯನ ಹೇಳಿತು. ಹೆಬ್ಬಾಳ ಮೇಲ್ಸೇತುವೆಯ ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತುವವರು ಅದಕ್ಕೊಂದು ವಾರ ಸೇರಿಸಿಕೊಂಡರೂ ತಪ್ಪಿಲ್ಲ.

ವೃತ್ತಿಪರ ಆಟಗಾರರಿಗೂ ಈ ದಾರಿಯಲ್ಲಿ ಅಡ್ಡಹಾದಿ ಇಲ್ಲ. 2000ದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶುರುವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ದೇಶದ ಗಾಯಾಳು ಕ್ರಿಕೆಟಿಗರ ಆಸರೆಯಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಅದರ ಹೊಸ ರೂಪ, ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್, ಯಲಹಂಕದಾಚೆ ವಿಮಾನ ನಿಲ್ದಾಣದ ಹತ್ತಿರ 40 ಎಕರೆಯಲ್ಲಿ ಮೂರು ಮೈದಾನಗಳೊಡನೆ ಉದ್ಘಾಟನೆಯಾಯಿತು. 2023ರ ಅಕ್ಟೋಬರ್ 19ರಂದು ಪುಣೆಯ ವಿಶ್ವಕಪ್ ಪಂದ್ಯದಲ್ಲಿ ಚೆಂಡನ್ನು ಕಾಲಿನಿಂದ ತಡೆಯಹೋದ ಹಾರ್ದಿಕ್ ಪಾಂಡ್ಯ ಎಡಗಾಲಿನ ಗಿಣ್ಣು ತಿರುಚಿಕೊಂಡರು. ಮೂಳೆ ಮುರಿದಿರಲಿಲ್ಲ, ಬೆಂಗಳೂರಿನ ಅಕಾಡೆಮಿಯಲ್ಲಿ ಚೇತರಿಕೆಯೂ ನಡೆಯಿತು, ಆದರೂ ವಿಶ್ವಕಪ್ಪಿಗೆ ಅವರಿಗೆ ಮರಳಲಾಗಲಿಲ್ಲ. ಅವರ ಜಾಗಕ್ಕೆ ಬಂದ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅದೇ ವರ್ಷ ಬೆನ್ನೆಲುಬಿನ ಬಿರುಕಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎದ್ದು ಬಂದಿದ್ದವರು.

ಪಾದದ ಮೂಳೆಯೇ ಮುರಿದ ಉದಾಹರಣೆ ರಿಷಭ್ ಪಂತ್ ಅವರದು. 2025ರ ಜುಲೈ 23ರಂದು ಮ್ಯಾಂಚೆಸ್ಟರಿನಲ್ಲಿ ಕ್ರಿಸ್ ವೋಕ್ಸ್ ಎಸೆತ ಅವರ ಬಲಪಾದಕ್ಕೆ ಬಡಿಯಿತು. ಮರುದಿನ ಅವರು ಕುಂಟುತ್ತಲೇ ಬಂದು ಬ್ಯಾಟ್ ಮಾಡಿ 54 ರನ್ನಿಗೆ ಔಟಾದದ್ದನ್ನು ಎಲ್ಲರೂ ಕೊಂಡಾಡಿದರು. ಕಾಲು ಮುರಿದ ಶನಿವಾರದ ಆಟಗಾರರು ಕಲಿಯಬಾರದ ಪಾಠ ಅದು. ನೋಡಬೇಕಾದದ್ದು ಆಮೇಲಿನದು. ಬೆಂಗಳೂರಿನ ಕೇಂದ್ರದಲ್ಲಿ ಚೇತರಿಸಿಕೊಂಡ ಅವರು ಮೊದಲು ಮರಳಿದ್ದು ಟೆಸ್ಟಿಗಲ್ಲ. ಅಕ್ಟೋಬರ್ 30ರಂದು ಅದೇ ಕೇಂದ್ರದ ಮೈದಾನದಲ್ಲಿ ಶುರುವಾದ, ದಕ್ಷಿಣ ಆಫ್ರಿಕಾ ‘ಎ’ ವಿರುದ್ಧದ ನಾಲ್ಕು ದಿನಗಳ ಪಂದ್ಯಕ್ಕೆ. ಎರಡನೇ ಇನಿಂಗ್ಸಿನಲ್ಲಿ 90 ರನ್ ಹೊಡೆದರು. ನಡುವೆ ಕಳೆದದ್ದು 99 ದಿನ. ದಿನವಿಡೀ ಫಿಸಿಯೋ, ತರಬೇತುದಾರ, ಈಜುಕೊಳ ಕೈಗೆಟುಕುವವರಿಗೇ ಪಾದದ ಮುರಿತದಿಂದ ಪಂದ್ಯಕ್ಕೆ ಮೂರು ತಿಂಗಳು ಹಿಡಿದಿದ್ದರೆ, ಆಫೀಸು ಮುಗಿಸಿ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತುವವರು ಗಿಣ್ಣಿಗೆ ಆರು ತಿಂಗಳು ಕೊಡುವುದು ಸೋಮಾರಿತನವಲ್ಲ.

ಕೊನೆಯ ಪರೀಕ್ಷೆ ಜಿಗಿತದ್ದು. ಒಂಟಿಕಾಲಲ್ಲಿ ಮುಂದಕ್ಕೆ ಒಂದು ಜಿಗಿತ, ಆಮೇಲೆ ಸತತ ಮೂರು ಜಿಗಿತ, ಆಮೇಲೆ ಗೆರೆಯ ಆಚೆ ಈಚೆ ಅಡ್ಡಾದಿಡ್ಡಿ. ಮುರಿದ ಕಾಲು ಇನ್ನೊಂದು ಕಾಲಿನ ಶೇ 90ರಷ್ಟು ದೂರ ಜಿಗಿದರೆ ಅಂಗಳಕ್ಕಿಳಿಯಬಹುದು ಎಂಬುದು ಫಿಸಿಯೋಗಳ ಸಾಮಾನ್ಯ ಲೆಕ್ಕ. ಅಜ್ಜಿಯರಿಗೆ ಈ ಪರೀಕ್ಷೆ ಹೊಸದೇನಲ್ಲ. ಚೌಕ ಎಳೆದು, ಬಿಲ್ಲೆ ಎಸೆದು, ಗೆರೆ ತುಳಿಯದೆ ಒಂಟಿಕಾಲಲ್ಲಿ ಹೋಗಿ ಬರುವ ಕುಂಟಾಬಿಲ್ಲೆಯೇ ಇದು. ಜಿಗಿಯುವಾಗ ಕಾಲಿಗಿಂತ ಮನಸ್ಸು ಹಿಂದೇಟು ಹಾಕುವುದೂ ಉಂಟು. ನೆಟ್ ಬಳಿ ಹಾರುವ ಬದಲು ಕೈ ಚಾಚಿ ಹೊಡೆಯುವ ಅಭ್ಯಾಸ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಂಥವರು ಮೊದಲ ವಾರ ಒಬ್ಬರೇ ಗೋಡೆಗೆ ಆಡಲಿ, ಎರಡನೇ ವಾರ ಅರ್ಧ ಕೋರ್ಟು, ಜೋಡಿ ಆಟ ಕೊನೆಗೆ. ಜೋಡಿಯಲ್ಲೇ ತಾನೆ ಇನ್ನೊಬ್ಬರ ಶೂ ಇರುವುದು.

ಪ್ಲೇಟು ಸ್ಕ್ರೂ ತೊಂದರೆ ಕೊಡದಿದ್ದರೆ ಒಳಗೇ ಇರಬಹುದು, ತೆಗೆಸಲೇಬೇಕೆಂದಿಲ್ಲ. ಚಳಿಗಾಲದ ಬೆಳಿಗ್ಗೆ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತವೆ. ಸಂಜೆ ಶೂ ಬಿಚ್ಚಿದಾಗ ಗಿಣ್ಣಿನ ಸುತ್ತ ಸಾಕ್ಸಿನ ಗೆರೆ ಆಳವಾಗಿ ಮೂಡಿರುತ್ತದೆ. ಆ ಊತ ವರ್ಷದವರೆಗೂ ಇರಬಹುದು. ಬೆಳಗಾಗುವಷ್ಟರಲ್ಲಿ ಇಳಿದರೆ ಆಡಬಹುದು, ಇಳಿಯದಿದ್ದರೆ ಆ ದಿನ ರಜೆ.